ಹೆರಿಗೆಗೆ ಆಂಬುಲೆನ್ಸ್ ಇದೆ, ಚೆಕಪ್‌ಗೆ ಬಸ್ಸಿಲ್ಲ

ನಮ್ಮ ಅತ್ತಿಗೆ ಬಸುರಿಯಾಗಿದ್ದಾಗ ಒಂದು ಶುಗರ್ ಟೆಸ್ಟ್ ಮಾಡಿಸಲು ಮೂರು ಸಲ ಪೇಟೆಗೆ ಹೋಗಬೇಕಾಯಿತು. ಟೆಸ್ಟ್ ಕಷ್ಟದ್ದೇನಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಿಗೆ ಹಾಕಿ ಕುಡಿಸುತ್ತಾರೆ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. ಆದರೆ ಆ ಎರಡು ಗಂಟೆ ಮಲೆನಾಡಿನ ನಮ್ಮೂರಿನ ಬಸ್ಸಿನ ಟೈಮಿಗೆ ಹೊಂದುತ್ತಿರಲಿಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಆಸ್ಪತ್ರೆ ಮುಟ್ಟಿ, ಚೀಟಿ ಮಾಡಿಸಿ, ಸರದಿಯಲ್ಲಿ ನಿಂತು, ಗ್ಲೂಕೋಸ್ ನೀರು ಕೈಗೆ ಬರುವಷ್ಟರಲ್ಲಿ ಹನ್ನೆರಡು ಗಂಟೆ. ಊರಿಗೆ ವಾಪಸ್ ಬಸ್ಸು ಒಂದೂವರೆಗೆ. ಅದು ತಪ್ಪಿದರೆ ಇನ್ನು ಸಂಜೆಯದ್ದು. ಮಳೆ ಜೋರಿದ್ದರೆ ಸಂಜೆಯ ಟ್ರಿಪ್ ಕಟ್.

ಮೊದಲ ಸಲ ನೀರು ಕುಡಿಯದೆಯೇ ಬಂದರು. ಎರಡನೇ ಸಲ ಕುಡಿದರು, ರಕ್ತ ಕೊಡದೆ ಬಸ್ಸಿಗೆ ಓಡಿದರು. ಮೂರನೇ ಸಲ ಅಣ್ಣ ಬಾಡಿಗೆ ಕಾರು ಮಾಡಿದ. ಅಷ್ಟೊತ್ತಿಗೆ ಏಳು ತಿಂಗಳು ತುಂಬಿತ್ತು. ಶುಗರ್ ಜಾಸ್ತಿ ಇತ್ತು. ಊಟದಲ್ಲಿ ಪಥ್ಯ ಮಾಡಿ, ಔಷಧಿ ತಗೊಂಡು, ಕೊನೆಗೆ ತಾಯಿ ಮಗು ಇಬ್ಬರೂ ಚೆನ್ನಾಗಿ ಮನೆಗೆ ಬಂದರು. ಅತ್ತಿಗೆಯ ತಾಯಿ ಕಾರ್ಡಿನಲ್ಲಿ, ಅಂದರೆ ಗರ್ಭಿಣಿಯ ಚೆಕಪ್ ವಿವರ ಬರೆಯುವ ಕಾರ್ಡಿನಲ್ಲಿ, ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮುಂದಿನ ಚೆಕಪ್ ತಾರೀಖಿನ ಪಕ್ಕ ಪೆನ್ಸಿಲ್‌ನಲ್ಲಿ ಬಸ್ಸಿನ ಟೈಮ್ ಬರೆದುಕೊಡುತ್ತಿದ್ದರು. ಕಾರ್ಡಿನಲ್ಲಿ ತೂಕಕ್ಕೆ, ಬಿಪಿಗೆ, ರಕ್ತದ ಅಂಶಕ್ಕೆ ಜಾಗ ಇದೆ. ಬಸ್ಸಿಗೆ ಇಲ್ಲ. ಆ ಪೆನ್ಸಿಲ್ ಅಕ್ಷರ ನೋಡಿದಾಗಿನಿಂದ ನನಗೆ ಇದನ್ನು ಬರೆಯಬೇಕು ಅನ್ನಿಸುತ್ತಿತ್ತು.

ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. ಕರ್ನಾಟಕದಲ್ಲಿ ಈಗ ಹೆರಿಗೆ ಮನೆಯಲ್ಲಿ ಆಗುವುದು ತೀರಾ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ತಾಯಂದಿರ ಸಾವೂ ಇಳಿದಿದೆ. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ತೀರಿಕೊಂಡಿದ್ದಾರೆ. ಆಗ ಇಡೀ ದೇಶದ ಸರಾಸರಿ 97 ಇತ್ತು. ಕೇರಳದಲ್ಲಿ 19 ಮಾತ್ರ. ಅಂದರೆ ನಾವು ತುಂಬಾ ದೂರ ಬಂದಿದ್ದೇವೆ, ಹೋಗಬೇಕಾದ ದೂರವೂ ತುಂಬಾ ಇದೆ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ಬಸುರಿಯಾಗಿದ್ದಾಗ ಕನಿಷ್ಠ ನಾಲ್ಕು ಸಲ ಚೆಕಪ್ ಆದವರು ನೂರಕ್ಕೆ ಸುಮಾರು 71. ಹೆರಿಗೆಗೆ ಆಸ್ಪತ್ರೆ ಮುಟ್ಟುವವರು 97, ಚೆಕಪ್ ಪೂರ್ತಿ ಆಗುವವರು 71. ಈ ಎರಡರ ನಡುವಿನ ಜಾಗ ಸಣ್ಣದಲ್ಲ, ಅಲ್ವಾ? ಇದು ಇಡೀ ರಾಜ್ಯದ ಲೆಕ್ಕ. ಇದಕ್ಕೆ ಕಾರಣವೂ ಒಂದೇ ಅಲ್ಲ. ಆದರೆ ಮಲೆನಾಡಿನ ಒಳಊರುಗಳಲ್ಲಿ ಆ ಜಾಗದಲ್ಲಿ ಬಹಳಷ್ಟು ಸಲ ನಿಂತಿರುವುದು ಬಾರದ ಬಸ್ಸು ಎಂಬುದು ನನ್ನ ನಂಬಿಕೆ. ಯಾಕೆ ಅಂತ ವಿವರಿಸುತ್ತೇನೆ.

ಹೆರಿಗೆ ಒಂದು ದಿನದ ಕೆಲಸ. ಆ ಒಂದು ದಿನಕ್ಕೆ ಸರ್ಕಾರ ವ್ಯವಸ್ಥೆ ಮಾಡಿದೆ. 2008ರಲ್ಲಿ 108 ಆಂಬುಲೆನ್ಸ್ ಬಂತು. 2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಊಟ, ಹೋಗುವ ಬರುವ ವಾಹನ ಎಲ್ಲ ಉಚಿತ ಆಯಿತು. ಬಾಣಂತಿ ಮತ್ತು ಮಗುವನ್ನು ಮನೆಗೆ ಬಿಡಲು ನಗು-ಮಗು ಗಾಡಿ ಇದೆ. ಆ ದಿನ ಮನೆಯವರೂ ಹೇಗೋ ಹೊಂದಿಸುತ್ತಾರೆ. ಪಕ್ಕದ ಮನೆಯ ಜೀಪು, ಅಂಗಡಿಯವರ ಓಮ್ನಿ, ಯಾವುದಾದರೂ ಸಿಗುತ್ತದೆ. ಹೆರಿಗೆ ನೋವು ಅಂದರೆ ಮಲೆನಾಡಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ.

ಬಸುರಿ ಅನ್ನುವುದು ಒಂಬತ್ತು ತಿಂಗಳ ಕೆಲಸ. ಮಾಮೂಲಿ ತಿಂಗಳ ಚೆಕಪ್‌ಗೆ ಯಾರೂ 108ಕ್ಕೆ ಫೋನ್ ಮಾಡುವುದಿಲ್ಲ, ಮಾಡಲೂ ಬಾರದು. ಪಕ್ಕದ ಮನೆಯವರನ್ನು ತಿಂಗಳು ತಿಂಗಳು ಕೇಳಲು ಮುಜುಗರ. ಬಾಡಿಗೆ ಕಾರಿಗೆ ಕೊಡುವ ದುಡ್ಡಿನಲ್ಲಿ ಕೂಲಿ ಮನೆಯ ನಾಲ್ಕಾರು ದಿನದ ಸಂಬಳ ಹೋಗುತ್ತದೆ. ಉಳಿಯುವುದು ಬಸ್ಸು. ಬಸ್ಸು ಇಲ್ಲದ ಕಡೆ ಉಳಿಯುವುದು ಗಂಡನ ಬೈಕು. ಹೊಂಡ ಬಿದ್ದ ರಸ್ತೆಯಲ್ಲಿ ಏಳು ತಿಂಗಳ ಹೊಟ್ಟೆ ಹೊತ್ತು ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಣ್ಣುಮಕ್ಕಳನ್ನು ನಮ್ಮ ಕಡೆ ಎಲ್ಲರೂ ನೋಡಿರುತ್ತಾರೆ.

ಚೆಕಪ್‌ಗೆ ಒಂದು ಸಲ ಹೋಗದಿದ್ದರೆ ಏನಾಗುತ್ತದೆ? ಬಹಳ ಸಲ ಏನೂ ಆಗುವುದಿಲ್ಲ. ಅದಕ್ಕೇ ಜನ ಬಿಡುತ್ತಾರೆ. ಆದರೆ ಬಿಪಿ ಏರಿದ್ದು ಮೈಗೆ ಗೊತ್ತಾಗುವುದಿಲ್ಲ, ಅಳೆದರೆ ಮಾತ್ರ ಗೊತ್ತು. ರಕ್ತ ಕಮ್ಮಿ ಇರುವುದೂ ಹಾಗೇ. ಸುಸ್ತಾದರೆ ಬಸುರಿಗೆ ಸುಸ್ತು ಇದ್ದದ್ದೇ ಅನ್ನುತ್ತಾರೆ. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತು ಗಂಟೆವರೆಗೆ ಅಡಿಕೆ ಸುಲಿಯುವ ಹೆಂಗಸಿಗೆ ಸುಸ್ತು ಯಾವುದರಿಂದ ಅಂತ ಯಾರು ಹೇಳಬೇಕು? ರಾಜ್ಯದಲ್ಲಿ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ.

ಈ ರಕ್ತಹೀನತೆಯ ಚಿಕಿತ್ಸೆಯನ್ನೇ ನೋಡಿ. ಮಾತ್ರೆಯಿಂದ ಏರದಿದ್ದರೆ ರಕ್ತನಾಳಕ್ಕೆ ಕಬ್ಬಿಣದ ಅಂಶ ಕೊಡುತ್ತಾರೆ. ಹೆಚ್ಚಾಗಿ ಬಳಸುವ ಐರನ್ ಸುಕ್ರೋಸನ್ನು ಒಂದೇ ಸಲ ಪೂರ್ತಿ ಕೊಡಲು ಬರುವುದಿಲ್ಲ. ಒಂದು ದಿನ ಬಿಟ್ಟು ಒಂದು ದಿನದಂತೆ ನಾಲ್ಕೈದು ಸಲ ಹೋಗಬೇಕು. ಆಸ್ಪತ್ರೆಯ ಪಕ್ಕದ ಬೀದಿಯವರಿಗೆ ಇದು ನಾಲ್ಕೈದು ಅರ್ಧ ಗಂಟೆ. ಒಳಊರಿನವರಿಗೆ ನಾಲ್ಕೈದು ಪೂರ್ತಿ ದಿನ. ಜೊತೆಗೆ ಬರುವ ಅತ್ತೆಯದ್ದೋ ಗಂಡನದ್ದೋ ಅಷ್ಟೇ ದಿನದ ಕೂಲಿ. ಎಫ್‌ಸಿಎಂ (ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್) ಎಂಬ ಇನ್ನೊಂದು ಕಬ್ಬಿಣದ ಔಷಧಿ ಇದೆ, ಅದರಲ್ಲಿ ಒಂದೇ ಸಲಕ್ಕೆ ಜಾಸ್ತಿ ಪ್ರಮಾಣ ಕೊಡಬಹುದು. ಬೆಲೆ ಹೆಚ್ಚು. ಔಷಧಿ ಅಂಗಡಿಯ ಲೆಕ್ಕದಲ್ಲಿ ಅದು ದುಬಾರಿ. ಬಸ್ಸಿನ ಲೆಕ್ಕ, ಕೂಲಿಯ ಲೆಕ್ಕ ಸೇರಿಸಿದರೆ ನಮ್ಮ ಕಡೆಯವರಿಗೆ ಅದೇ ಅಗ್ಗ ಆಗಬಹುದು. ಇಂಥ ಲೆಕ್ಕವನ್ನು ಆಸ್ಪತ್ರೆಯ ಒಳಗೆ ಕೂತು ಮಾಡಲು ಆಗುವುದಿಲ್ಲ.

ರಕ್ತ ಕಮ್ಮಿ ಇರುವವರಿಗೆ ಹೆರಿಗೆ ಆದ ಮೇಲೆ ರಕ್ತಸ್ರಾವ ಶುರುವಾದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಅಂಥ ರಕ್ತಸ್ರಾವ ಜೋರಾದರೆ ಎರಡು ಗಂಟೆಯಲ್ಲೇ ಜೀವ ಹೋಗಬಹುದು. ಆಗುಂಬೆಯಿಂದ ತೀರ್ಥಹಳ್ಳಿಗೆ ಸುಮಾರು 30 ಕಿಲೋಮೀಟರ್, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮತ್ತೆ 60. ಜುಲೈ ತಿಂಗಳ ಮಳೆಯಲ್ಲಿ, ಮರ ಬಿದ್ದ ರಸ್ತೆಯಲ್ಲಿ, ಆ ಎರಡು ಗಂಟೆಯನ್ನು ಸುಮ್ನೆ ಒಂದು ಸಲ ಎಣಿಸಿ ನೋಡಿ. ಆ ರಾತ್ರಿ ಆಂಬುಲೆನ್ಸ್ ಎಷ್ಟೇ ಬೇಗ ಓಡಲಿ, ಮೂರು ತಿಂಗಳ ಹಿಂದೆ ತಪ್ಪಿದ ಚೆಕಪ್‌ಗಳನ್ನು ಅದು ವಾಪಸ್ ತರಲಾರದು.

1994ರಲ್ಲಿ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ತಾಯಂದಿರ ಸಾವಿನ ಹಿಂದೆ ಮೂರು ತಡಗಳಿವೆ ಎಂದು ಬರೆದರು. ಆಸ್ಪತ್ರೆಗೆ ಹೋಗೋಣ ಎಂದು ತೀರ್ಮಾನಿಸುವುದರಲ್ಲಿ ತಡ, ಹೋಗಿ ಮುಟ್ಟುವುದರಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಈಗ ತಾಯಂದಿರ ಆರೋಗ್ಯದ ತರಬೇತಿಗಳಲ್ಲಿ ಇದನ್ನು ಹೇಳಿಕೊಡುತ್ತಾರೆ. ವಾಹನದ ಸಮಸ್ಯೆಯನ್ನು ಎಲ್ಲರೂ ಎರಡನೇ ತಡಕ್ಕೆ ಸೇರಿಸಿಬಿಡುತ್ತಾರೆ. ಆದರೆ ಅವರೇ ಇನ್ನೊಂದು ಮಾತನ್ನೂ ಹೇಳಿದ್ದರು: ದೂರ ಎಂಬುದು ಮೊದಲನೇ ತಡಕ್ಕೂ ಕಾರಣ. ದಾರಿ ಕಷ್ಟ ಎಂದು ಗೊತ್ತಿದ್ದವರು ಹೊರಡುವ ಯೋಚನೆಯನ್ನೇ ಮುಂದೂಡುತ್ತಾರೆ. ನಮ್ಮ ಮನೆಗಳಲ್ಲಿ ಇದು ದಿನಾ ಕೇಳುವ ಮಾತು. "ಇವತ್ತು ಬಸ್ಸು ಬರ್ತದೋ ಇಲ್ವೋ, ನಾಳೆ ನೋಡೋಣ." ಇದನ್ನು ಅಜ್ಞಾನ ಅನ್ನುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಆಕೆಗೆ ಚೆಕಪ್ ಯಾಕೆ ಬೇಕು ಅಂತ ಗೊತ್ತು. ಬಸ್ಸಿನ ಬಗ್ಗೆಯೂ ಗೊತ್ತು.

ಮಲೆನಾಡಿನ ಊರು ಬಯಲುಸೀಮೆಯ ಊರಿನ ಹಾಗೆ ಒಂದೇ ಕಡೆ ಇರುವುದಿಲ್ಲ. ಗುಡ್ಡಕ್ಕೊಂದು ಮನೆ, ತೋಟದ ಮೂಲೆಗೊಂದು ಮನೆ. ಮನೆಯಿಂದ ಬಸ್ ನಿಲ್ಲುವ ಜಾಗಕ್ಕೇ ಎರಡು ಮೂರು ಕಿಲೋಮೀಟರ್ ನಡೆಯಬೇಕು, ನಡುವೆ ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿ ಬೇಕು ಎಂದು ತೀರ್ಮಾನ ಮಾಡುವುದು ಜನಸಂಖ್ಯೆ ನೋಡಿ. ಬಯಲಿನಲ್ಲಿ 30,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು. ಗುಡ್ಡಗಾಡಿಗೆ ರಿಯಾಯಿತಿ ಇದೆ, ಸರಿ. ಆದರೆ ಆ 20,000 ಜನ ಎಷ್ಟು ಗುಡ್ಡಗಳಲ್ಲಿ ಹರಡಿದ್ದಾರೆ, ಅಲ್ಲಿಗೆ ದಿನಕ್ಕೆ ಎಷ್ಟು ಬಸ್ಸು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಇನ್ನು ಬಸ್ಸಿನ ವಿಷಯ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ: ಶಿವಮೊಗ್ಗ, ಚಿಕ್ಕಮಗಳೂರು ಕಡೆ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಆ ಬಸ್ಸುಗಳು ಸುಮ್ನೆ ಬಸ್ಸುಗಳಾಗಿರಲಿಲ್ಲ. ಕಂಡಕ್ಟರ್ ಕೈಗೆ ಚೀಟಿ ಕೊಟ್ಟರೆ ಪೇಟೆಯಿಂದ ಮಾತ್ರೆ ತಂದು ಮನೆ ದಾರಿಯಲ್ಲಿ ಕೊಟ್ಟು ಹೋಗುತ್ತಿದ್ದರು. ಬಸುರಿ ಹೆಂಗಸು ಕಂಡರೆ "ಅಕ್ಕ, ನಿಧಾನಕ್ಕೆ ಹತ್ತಿ" ಅಂತ ಡ್ರೈವರ್ ಕಾಯುತ್ತಿದ್ದರು. ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಹೊರಡುವ ಹಾಲ್ಟಿಂಗ್ ಬಸ್ಸು ಇದ್ದರೆ ಊರಿಗೇ ಧೈರ್ಯ. ನಡುರಾತ್ರಿ ಯಾರಿಗಾದರೂ ಏನಾದರೂ ಆದರೆ ಊರಲ್ಲಿ ಒಂದು ಗಾಡಿ, ಒಬ್ಬ ಡ್ರೈವರ್ ಇದ್ದಾರೆ ಎಂಬ ಧೈರ್ಯ.

ಕೊಪ್ಪದ ಸಹಕಾರ ಸಾರಿಗೆಯ ಹೆಸರನ್ನು ಇಲ್ಲಿ ಹೇಳಲೇಬೇಕು. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಬಸ್ ಸಂಸ್ಥೆ ಅದು. ಮಲೆನಾಡಿನ ಎಷ್ಟೋ ಒಳಊರುಗಳಿಗೆ ಅದರ ಬಸ್ಸೇ ಆಧಾರವಾಗಿತ್ತು. ನಷ್ಟ ತಾಳಲಾರದೆ 2020ರಲ್ಲಿ ನಿಂತುಹೋಯಿತು. ಅದರ ಬೆನ್ನಿಗೇ ಕೋವಿಡ್ ಬಂತು. ಲಾಕ್‌ಡೌನಿನಲ್ಲಿ ನಿಂತ ಖಾಸಗಿ ಟ್ರಿಪ್‌ಗಳಲ್ಲಿ ಕೆಲವು ಮತ್ತೆ ಶುರುವಾಗಲೇ ಇಲ್ಲ.

ಯಾಕೆ ನಿಲ್ಲುತ್ತವೆ? ಮಾಲೀಕರನ್ನು ಬೈದರೆ ಉತ್ತರ ಸಿಗುವುದಿಲ್ಲ. ಡೀಸೆಲ್ ಏರಿತು. ಮನೆಗೊಂದು ಬೈಕು ಬಂತು, ಬಸ್ಸಿಗೆ ಜನ ಕಮ್ಮಿಯಾದರು. ಬೈಕು ಬಂದ ಮೇಲೆ ಬಸ್ಸಿಗೆ ಉಳಿದವರು ಯಾರು ಅಂದರೆ ಶಾಲೆ ಮಕ್ಕಳು, ವಯಸ್ಸಾದವರು, ಹೆಂಗಸರು. ಅಂದರೆ ಬಸ್ಸು ನಿಂತರೆ ಕಷ್ಟಪಡುವವರೇ. ಒಳರಸ್ತೆಯಲ್ಲಿ ಆಗುವ ನಷ್ಟವನ್ನು ಮಾಲೀಕರು ಮುಖ್ಯರಸ್ತೆಯ ಟಿಕೆಟ್ಟಿನಲ್ಲಿ ತುಂಬಿಕೊಳ್ಳುತ್ತಿದ್ದರು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ನಾನು ಈ ಯೋಜನೆಯ ಪರ. ಕೈಯಲ್ಲಿ ದುಡ್ಡಿಲ್ಲದ ಹೆಣ್ಣುಮಗಳು ಯಾರನ್ನೂ ಕೇಳದೆ ಆಸ್ಪತ್ರೆಗೆ ಹೋಗಬಹುದು ಎಂಬುದು ದೊಡ್ಡ ವಿಷಯ. ಮೈಸೂರು, ಹಾಸನದ ಕಡೆ ಅದು ಆಗಿದೆ. ನಮ್ಮ ಕಡೆ ಮುಖ್ಯರಸ್ತೆಯವರಿಗೆ ಆಗಿದೆ. ಸಾಗರದಿಂದ ಶಿವಮೊಗ್ಗಕ್ಕೆ, ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಆಧಾರ್ ಕಾರ್ಡ್ ತೋರಿಸಿ ಹೋಗಬಹುದು. ಒಳಊರಿಗೆ ಸರ್ಕಾರಿ ಬಸ್ಸೇ ಇಲ್ಲದಿದ್ದರೆ ಏನು ಮಾಡುವುದು? ಅಲ್ಲಿಯ ಬಸುರಿ ಹೆಂಗಸು ಖಾಸಗಿ ಬಸ್ಸಿಗೆ ಪೂರ್ತಿ ಟಿಕೆಟ್ ಕೊಟ್ಟು ಮುಖ್ಯರಸ್ತೆಗೆ ಬಂದು, ಅಲ್ಲಿಂದ ಮುಂದೆ ಉಚಿತವಾಗಿ ಹೋಗುತ್ತಾಳೆ. ಹೆಚ್ಚು ಕಷ್ಟದ ದಾರಿಗೆ ದುಡ್ಡು, ಸುಲಭದ ದಾರಿ ಉಚಿತ. ಮುಖ್ಯರಸ್ತೆಯ ಹೆಂಗಸರು ಸರ್ಕಾರಿ ಬಸ್ಸಿಗೆ ಹೋದಷ್ಟೂ ಖಾಸಗಿಯವರಿಗೆ ಒಳರಸ್ತೆಯ ನಷ್ಟ ತುಂಬಿಕೊಳ್ಳುವ ದಾರಿ ಕಿರಿದಾಗುತ್ತದೆ. ಯೋಜನೆ ತಪ್ಪಲ್ಲ. ಅದನ್ನು ಬರೆದವರ ಕಣ್ಣ ಮುಂದೆ ಮಲೆನಾಡಿನ ಬಸ್ಸು ಇರಲಿಲ್ಲ, ಅಷ್ಟೇ.

ಮಳೆಗಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಓದುವವರಿಗೆ ಗೊತ್ತಿರುವುದೇ. ಧರೆ ಕುಸಿದರೆ ರಸ್ತೆ ಇಲ್ಲ, ಕರೆಂಟು ಹೋದರೆ ಟವರ್ ಇಲ್ಲ, ಟವರ್ ಇಲ್ಲದಿದ್ದರೆ 108ಕ್ಕೆ ಫೋನೂ ಇಲ್ಲ.

ಶರಾವತಿ ಹಿನ್ನೀರಿನ ಕಥೆ ಮಾತ್ರ ಸ್ವಲ್ಪ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ತುಮರಿ ಕಡೆಯ ಊರುಗಳು ನೀರಿನ ಆಚೆ ಉಳಿದುಬಿಟ್ಟವು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಅವರ ದಾರಿಯನ್ನು ಮುಚ್ಚಿತು. ಸಾಗರಕ್ಕೆ ಬರಬೇಕಾದರೆ ಲಾಂಚ್ ಎಂಬ ದೊಡ್ಡ ದೋಣಿಯಲ್ಲಿ ನೀರು ದಾಟಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಒಂದೋ ಲಾಂಚಿನವರನ್ನು ಎಬ್ಬಿಸಬೇಕಿತ್ತು, ಇಲ್ಲವೇ ಕಾಡಿನ ರಸ್ತೆಯಲ್ಲಿ ಸುತ್ತಿ ಹೋಗಬೇಕಿತ್ತು. ಅರವತ್ತು ವರ್ಷ ಅಲ್ಲಿಯ ಹೆಂಗಸರು ಹೀಗೆ ಹೆತ್ತಿದ್ದಾರೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಅದರ ಮೇಲೆ ಮೊದಲ ಸಲ ಹೋದಾಗ ನನಗೆ ಕಣ್ಣು ತುಂಬಿ ಬಂತು. ಈಗ ರಾತ್ರಿ ಎಷ್ಟು ಹೊತ್ತಿಗಾದರೂ ಆಂಬುಲೆನ್ಸ್ ದಾಟಬಹುದು. ಸೇತುವೆ ಹೆರಿಗೆಯ ರಾತ್ರಿಯನ್ನು ಬದಲಾಯಿಸಿದೆ. ಚೆಕಪ್‌ನ ಹಗಲು ಬದಲಾಗಬೇಕಾದರೆ ಆ ಸೇತುವೆಯಿಂದ ಒಳಗಿನ ಊರುಗಳವರೆಗೂ ಬೆಳಿಗ್ಗೆ ಒಂದು, ಮಧ್ಯಾಹ್ನ ಮೂರರ ನಂತರ ಒಂದು ಬಸ್ಸು ನಂಬುವ ಹಾಗೆ ಓಡಬೇಕು.

ಇಷ್ಟೆಲ್ಲ ಕಷ್ಟದ ನಡುವೆ ಜನ ಸುಮ್ಮನೆ ಕೂತಿಲ್ಲ. ಮಳೆಗಾಲದಲ್ಲಿ ದಿನ ತುಂಬುವ ಹೆಣ್ಣುಮಕ್ಕಳನ್ನು ಒಂಬತ್ತಕ್ಕೆ ಬೀಳುತ್ತಿದ್ದಂತೆ ಪೇಟೆಯ ನೆಂಟರ ಮನೆಗೆ ಕಳಿಸುವುದು ನಮ್ಮಲ್ಲಿ ಹಳೆಯ ರೂಢಿ. ಮೊದಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇದೆಯಲ್ಲ, ತವರು ಒಳಊರಲ್ಲಿದ್ದರೆ ತವರಿನವರೇ ಮಗಳನ್ನು ಕರಕೊಂಡು ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಾರೆ. ಪೇಟೆಯಲ್ಲಿ ಚಿಕ್ಕಮ್ಮ ಇಲ್ಲದವರು? ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರು, ಕಾಡಂಚಿನ ಹಸಲರಂಥ ಬುಡಕಟ್ಟಿನವರು? ಮಹಾರಾಷ್ಟ್ರದ ಆದಿವಾಸಿ ಪ್ರದೇಶಗಳಲ್ಲಿ ಇದಕ್ಕೆಂದೇ "ಮಾಹೇರ್ ಘರ್" ಇದೆ. ಹೆಸರಿನ ಅರ್ಥವೇ ತವರುಮನೆ. ಆಸ್ಪತ್ರೆಯ ಪಕ್ಕದಲ್ಲೇ ಕೋಣೆ, ದಿನ ಹತ್ತಿರವಾದ ಗರ್ಭಿಣಿ ಬಂದು ಮನೆಯವರ ಜೊತೆ ಉಳಿಯಬಹುದು, ಊಟವೂ ಇದೆ. ತಮಿಳುನಾಡಿನ ಗುಡ್ಡಗಳಲ್ಲೂ ಇಂಥ ಕೋಣೆಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ನಮ್ಮ ತಾಲ್ಲೂಕು ಆಸ್ಪತ್ರೆಗಳ ಪಕ್ಕ ನಾಲ್ಕು ಹಾಸಿಗೆಯ ಇಂಥ ಒಂದು ಮನೆ ಬೇಕು.

ಬಸ್ಸು ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆ ಮುಟ್ಟಿದ ಮೇಲೆ ಅಲ್ಲಿ ಹೆರಿಗೆ ವೈದ್ಯರು, ಅರಿವಳಿಕೆ ವೈದ್ಯರು, ರಕ್ತ ಇರಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಆಸ್ಪತ್ರೆಯ ಒಳಗಿನ ಅಪಾಯವನ್ನು ಇಡೀ ರಾಜ್ಯ ನೋಡಿತು, ಮಾತಾಡಿತು. ಮಾತಾಡಲೇಬೇಕಿತ್ತು. ಆಸ್ಪತ್ರೆಯ ಹೊರಗಿನ ಅಪಾಯ ಮಾತ್ರ ಹಾಗೆ ಸುದ್ದಿಯಾಗುವುದಿಲ್ಲ. ಬಸ್ಸು ಬರಲಿಲ್ಲ ಎಂಬುದು ಯಾವ ಪೇಪರಿನ ಮುಖಪುಟಕ್ಕೂ ಬರುವುದಿಲ್ಲ.

ದೊಡ್ಡ ದುಡ್ಡು ಬೇಡದ ಕೆಲಸಗಳೂ ಇವೆ. ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅದು. ತಾರೀಖು ಒಂದೇ, ವಾರ ಮಾತ್ರ ಪ್ರತಿ ತಿಂಗಳು ಬೇರೆ. ನಮ್ಮ ಒಳಊರಿನ ಗಾಡಿಗಳು ಓಡುವುದು ವಾರದ ಲೆಕ್ಕದಲ್ಲಿ. ಸಂತೆ ದಿನ ಜೀಪು, ಟೆಂಪೋ, ಬಸ್ಸು ಎಲ್ಲ ಹೊರಡುತ್ತವೆ, ಸಂಜೆ ಜನ ತುಂಬಿಕೊಂಡು ವಾಪಸ್ ಬರುತ್ತವೆ. 9ನೇ ತಾರೀಖಿನ ಜೊತೆಗೆ ತಿಂಗಳಿಗೊಂದು ಸಂತೆ ದಿನವನ್ನೂ ತಪಾಸಣೆಗೆ ಇಟ್ಟರೆ ಸರ್ಕಾರ ಒಂದು ಬಸ್ಸನ್ನೂ ಹೊಸದಾಗಿ ಬಿಡಬೇಕಿಲ್ಲ. ಒಳಊರಿನಿಂದ ಬಂದವರಿಗೆ ಗ್ಲೂಕೋಸ್ ನೀರನ್ನು ಮೊದಲು ಕೊಡಿ, ಚೀಟಿ ಆಮೇಲೆ ಮಾಡಿಸಿ ಎಂದು ಒಂದು ಸೂಚನೆ ಸಾಕು, ಒಂದೂವರೆ ಬಸ್ಸು ಸಿಗುತ್ತದೆ. ಸರ್ಕಾರಿ ಬಸ್ಸಿಲ್ಲದ ರಸ್ತೆಗಳಲ್ಲಿ ತಾಯಿ ಕಾರ್ಡ್ ತೋರಿಸಿದ ಗರ್ಭಿಣಿಗೆ, ಜೊತೆಯ ಒಬ್ಬರಿಗೆ ಖಾಸಗಿ ಬಸ್ಸಿನಲ್ಲೂ ಟಿಕೆಟ್ ಬೇಡ ಎಂದು ಮಾಡಿ, ಆ ದುಡ್ಡನ್ನು ಮಾಲೀಕರಿಗೆ ಕೊಡಬಹುದು. ಒಂದು ಊರಿನಲ್ಲಿ ಒಂದು ಸಮಯಕ್ಕೆ ಎಷ್ಟು ಗರ್ಭಿಣಿಯರಿರುತ್ತಾರೆ? ಆಶಾ ಅಕ್ಕನ ಪುಸ್ತಕದಲ್ಲಿ ಹೆಸರು ಸಮೇತ ಇದೆ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬಂದಿಲ್ಲ. ಜಿಲ್ಲೆಯಲ್ಲಿ ಯಾವ ರಸ್ತೆಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಜಿಲ್ಲೆಯಲ್ಲಿ ಒಬ್ಬ ತಾಯಿ ಹೆರಿಗೆಯಲ್ಲಿ ತೀರಿಕೊಂಡರೆ ಅದರ ಪರಿಶೀಲನೆಯೂ ಜಿಲ್ಲಾಧಿಕಾರಿಯ ಮುಂದೆ ಬರುತ್ತದೆ. ಮನೆಯವರನ್ನು ಮಾತಾಡಿಸಿ ಯಾವಾಗ ಹೊರಟರು, ಯಾವ ವಾಹನದಲ್ಲಿ ಹೋದರು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳುವ ಕ್ರಮವೂ ಇದೆ. ಅಂದರೆ ಬಸ್ಸಿನ ಫೈಲು, ತಾಯಿಯ ಫೈಲು ಎರಡೂ ಒಂದೇ ಮೇಜಿಗೆ ಬರುತ್ತವೆ. ಬೇರೆ ಬೇರೆ ದಿನ, ಬೇರೆ ಬೇರೆ ಸಭೆಯಲ್ಲಿ. ಮುಂದಿನ ಸಾರಿಗೆ ಸಭೆಗೆ ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕಿನ ಆರೋಗ್ಯಾಧಿಕಾರಿಗಳು ಒಂದೊಂದು ಹಾಳೆ ತರಲಿ. ಗರ್ಭಿಣಿಯರಿದ್ದೂ ಮಧ್ಯಾಹ್ನ ಮೂರರ ಮೇಲೆ ವಾಪಸ್ ಬಸ್ಸಿಲ್ಲದ ಊರುಗಳ ಹೆಸರು ಆ ಹಾಳೆಯಲ್ಲಿರಲಿ. ಆ ಪಟ್ಟಿ ಮಾಡಲು ಒಂದು ವಾರವೂ ಬೇಡ. ಎಷ್ಟೋ ಆಶಾ ಅಕ್ಕಂದಿರಿಗೆ ಅದು ಬಾಯಿಪಾಠ.